ಸ್ವಯಂಪಾಕದ ಅತಿಥಿ



ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ‘ಮೇಷ್ಟ್ರಿಗೆ ಆರೋಗ್ಯ ಸರಿಯಿಲ್ಲವೇ?’ ಎಂದು ಇಬ್ಬರು ಮೂವರು ದೂರವಾಣಿ ಮಾಡಿ ವಿಚಾರಿಸಿದರು. ಆರೋಗ್ಯ ಚೆನ್ನಾಗಿಯೇ ಇದೆ. ಕಳೆದ ಎರಡು ತಿಂಗಳು ನಾನು ಒಂದು ಗಣಕಯಂತ್ರದ ಹೊಟ್ಟೆಯೊಳಗೆ ಇನ್ನೊಂದು ಗಣಕಯಂತ್ರವನ್ನು ಕೂರಿಸುವ ಕೆಲಸದಲ್ಲಿ ಮುಳುಗಿದ್ದೆ. ನಿವೃತ್ತ ಕನ್ನಡ ಮೇಷ್ಟ್ರಿಗೆ ಈ ಉಸಾಬರಿ ಏಕೆಂದು ನನ್ನ ಮನೆಯಾಕೆಯೇ ಕೇಳಿದ್ದಾಳೆ. ಆ ಕಾರಣವನ್ನು ಹೇಳಬೇಕಾದರೆ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಬೇಕು.

ನಮ್ಮ ಶಾಲೆಗೆ ನಾಲ್ಕು ಗಣಕಯಂತ್ರಗಳು ಬಂದಾಗ ಅವುಗಳ ಉಸ್ತುವಾರಿ ನನ್ನ ಪಾಲಿಗೆ ಬಂತು. ಅದಕ್ಕೆ ನನ್ನಲ್ಲಿದ್ದ ಅರ್ಹತೆ ಒಂದೇ: ಕೋಣೆಯ ಬೀಗದ ಕೈ ನನ್ನ ಬಳಿ ಇತ್ತು. 2003ರಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನೊಂದು ಮನೆಗೆಲಸ ಕೊಟ್ಟೆ. ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರಿಂದ, ಪಠ್ಯಪುಸ್ತಕದಲ್ಲಿ ಸಿಗದ ಹತ್ತು ಪದಗಳನ್ನು ಅರ್ಥಸಹಿತ ಬರೆದು ತರಬೇಕು. ಮಲೆನಾಡಿನ ಮಕ್ಕಳಲ್ಲವೇ, ತಂದರು ನೋಡಿ: ಸಂಕ, ಉಣುಗೋಲು, ಗೊರಬು, ದರಗು, ಉಂಬಳ, ಬ್ಯಾಣ, ಕೊನೆಗೌಡ. ಹತ್ತು ಎಂದರೆ ಕೆಲವರು ನಲವತ್ತು ತಂದರು. ಈ ಸಾಲುಗಳನ್ನು ಓದುತ್ತಿರುವವರಲ್ಲಿ ಕೆಲವರು ಆ ತರಗತಿಯಲ್ಲಿ ಕುಳಿತಿದ್ದವರೇ. ನಿಮ್ಮ ನೋಟುಪುಸ್ತಕಗಳನ್ನು ನಾನು ಹಿಂದಿರುಗಿಸಲಿಲ್ಲ ಎಂಬ ದೂರು ಈಗಲೂ ಇದೆಯೆಂದು ಬಲ್ಲೆ.

ಆ ಪುಸ್ತಕಗಳನ್ನೆಲ್ಲ ಶಾಲೆ ಬಿಟ್ಟ ಮೇಲೆ ಒಂದೊಂದು ಗಂಟೆ ಕುಳಿತು ಗಣಕಯಂತ್ರಕ್ಕೆ ಊಡಿಸಿದವನು ನಿಮ್ಮ ಸಹಪಾಠಿ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತು. ಎರಡು ವರ್ಷ ಬಿಟ್ಟು, ಡಿಪ್ಲೊಮಾ ಓದುತ್ತಿದ್ದಾಗ ರಜೆಯಲ್ಲಿ ಬಂದವನು ನನ್ನ ಕೈಯಲ್ಲಿ ಒಂದು ಸಿ.ಡಿ. ಇಟ್ಟ. ‘ಸರ್, ಬರೀ ಪಟ್ಟಿ ಆಗಿತ್ತಲ್ಲ, ಹುಡುಕೋ ಹಾಗೆ ಮಾಡಿದೀನಿ’ ಎಂದ. ವಿಷುವಲ್ ಬೇಸಿಕ್ ಎಂಬ ಭಾಷೆಯಲ್ಲಿ ತಾನೇ ಬರೆದ ಪದಕೋಶದ ತಂತ್ರಾಂಶ. ಪದವನ್ನು ಕೊಟ್ಟರೆ ಅರ್ಥ, ಯಾರ ಮನೆಯಿಂದ ಬಂತು, ಯಾವ ಊರು ಎಲ್ಲವೂ ಬರುತ್ತಿತ್ತು. ಪದ ಸಿಗದಿದ್ದರೆ ಒಂದು ಪುಟ್ಟ ಕಿಟಕಿ ತೆರೆದುಕೊಂಡು ಹೀಗೆ ಹೇಳುತ್ತಿತ್ತು: ‘ಈ ಪದ ನನ್ನಲ್ಲಿಲ್ಲ. ಅಜ್ಜಿಯನ್ನು ಕೇಳಿಕೊಂಡು ಬನ್ನಿ.’

2010ರ ಮಳೆಗಾಲದಲ್ಲಿ ಅವನು ತೀರಿಕೊಂಡ. ಇಪ್ಪತ್ತೊಂದು ವರ್ಷ. ಅದರ ಬಗ್ಗೆ ಹಿಂದೊಮ್ಮೆ ಬರೆದಿದ್ದೇನೆ, ಮತ್ತೆ ಬರೆಯಲಾರೆ.

ಸಿ.ಡಿ. ನನ್ನ ಬೀರುವಿನಲ್ಲೇ ಇತ್ತು. ಅದನ್ನು ಓಡಿಸುತ್ತಿದ್ದ ನನ್ನ ಹಳೆಯ ಯಂತ್ರ ಒಂದು ಸಿಡಿಲಿನ ರಾತ್ರಿ ಸುಟ್ಟುಹೋಯಿತು. 2016ರಲ್ಲಿ ಕೊಂಡ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ವಿಂಡೋಸ್ 11ಕ್ಕೆ ಏರಲು ನನ್ನ ಯಂತ್ರದ ಸಂಸ್ಕಾರಕ ಹಳೆಯದಾಯಿತಂತೆ. ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ನನ್ನ ಶಿಷ್ಯೆಯೊಬ್ಬಳು, ಅವಳೂ ಅದೇ ತರಗತಿಯವಳು, ದೀಪಾವಳಿಗೆ ಊರಿಗೆ ಬಂದಾಗ ಅದರಲ್ಲಿ ಉಬುಂಟು ಲಿನಕ್ಸನ್ನು ಹಾಕಿಕೊಟ್ಟಳು. ‘ಇನ್ನೂ ಐದು ವರ್ಷ ಬರತ್ತೆ ಸರ್’ ಎಂದಳು. ಬಹಳ ಚೆನ್ನಾಗಿ ಓಡುತ್ತಿದೆ. ಆದರೆ ವಿಂಡೋಸಿಗಾಗಿ ಬರೆದ ಹುಡುಗನ ಪದಕೋಶ ಅದರಲ್ಲಿ ಏಳಲಿಲ್ಲ.

ಲಿನಕ್ಸಿನಲ್ಲಿ ವಿಂಡೋಸಿನ ತಂತ್ರಾಂಶಗಳನ್ನು ಓಡಿಸಲು ‘ವೈನ್’ ಎಂಬ ಉಪಾಯವಿದೆ. ಹೆಸರು ಕೇಳಿ ನಮ್ಮ ಅತ್ತಿಗೆ ಗಾಬರಿಯಾಗಬಾರದು, ಅದು ಬರಿಯ ತಂತ್ರಾಂಶ. ಅದರಲ್ಲಿ ಪದಕೋಶದ ಕಿಟಕಿ ತೆರೆದುಕೊಂಡಿತಾದರೂ ದತ್ತಾಂಶದ ಕಡತ ತೆರೆಯಲೇ ಇಲ್ಲ. ಗುಂಡಿಗಳ ಮೇಲಿನ ಕನ್ನಡವೂ ಒತ್ತಕ್ಷರಗಳು ಕಳಚಿಬಿದ್ದು ಮುಂಗಾರಿನ ಮಾಡಿನಂತೆ ಕಾಣುತ್ತಿತ್ತು.

ಇಲ್ಲಿ ಕನ್ನಡದ ವಿಷಯವಾಗಿ ಒಂದು ಮಾತು ಹೇಳಲೇಬೇಕು. ಆ ಕಾಲದಲ್ಲಿ ನಾವೆಲ್ಲ ಬೆರಳಚ್ಚು ಮಾಡುತ್ತಿದ್ದುದು ‘ನುಡಿ’ಯಲ್ಲಿ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ತಂತ್ರಾಂಶ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ. ಅದಕ್ಕೂ ಮೊದಲು, 1998ರಲ್ಲೇ, ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು. ಕನ್ನಡಕ್ಕೆ ಇವು ಮಾಡಿದ ಉಪಕಾರ ದೊಡ್ಡದು. ಆದರೆ ನಾವು ಅಂದು ಬಳಸುತ್ತಿದ್ದ ಫಾಂಟುಗಳು ಒಂದು ವೇಷ ಹಾಕುತ್ತಿದ್ದವು. ಪರದೆಯ ಮೇಲೆ ‘ಕನ್ನಡ’ ಎಂದು ಕಂಡರೂ ಕಡತದೊಳಗೆ ಇದ್ದದ್ದು ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೀಟಿರುವ ‘ಎ’, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀಟಿನ ‘ಎ’, ಜರ್ಮನ್ನರದೊಂದು ಅಕ್ಷರ, ಚಿಕ್ಕ ‘ಕ್ಯೂ’, ಕೊನೆಗೆ ಮತ್ತೊಮ್ಮೆ ಗೀಟಿನ ‘ಎ’. ಫಾಂಟು ಇದ್ದಷ್ಟು ಹೊತ್ತು ಕನ್ನಡ. ಫಾಂಟು ತೆಗೆದರೆ ಬಣ್ಣ ಕಳಚಿದ ಯಕ್ಷಗಾನದ ಪಾತ್ರಧಾರಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿತ್ತು, ನಮ್ಮ ಶಾಲೆಯ ಕೋಣೆಯವರೆಗೆ ಅದು ಬಂದು ತಲುಪಲು ಬಹಳ ವರ್ಷ ಹಿಡಿಯಿತು.

ನನ್ನ ಶಿಷ್ಯೆ ಬುದ್ಧಿವಂತೆ. ಸಿ.ಡಿ.ಯಿಂದ ದತ್ತಾಂಶವನ್ನು ಮಾತ್ರ ಹೊರತೆಗೆದು, ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ, ಒಂದೇ ಸಂಜೆಯಲ್ಲಿ 1,162 ಪದಗಳ ಅಚ್ಚುಕಟ್ಟಾದ ಪಟ್ಟಿಯನ್ನು ಕಳುಹಿಸಿದಳು. ‘ಪದಗಳು ಉಳಿದವಲ್ಲ ಸರ್, ಇನ್ನೇನು?’ ಎಂದಳು.

ನಾನು ತಕ್ಷಣ ಏನೂ ಹೇಳಲಿಲ್ಲ. ಪಟ್ಟಿಯಲ್ಲಿ ಎಲ್ಲ ಪದಗಳೂ ಇದ್ದವು. ಅಜ್ಜಿಯನ್ನು ಕೇಳಿಕೊಂಡು ಬನ್ನಿ ಎನ್ನುವ ಕಿಟಕಿ ಇರಲಿಲ್ಲ. ಆ ಕಿಟಕಿಯ ಬಗ್ಗೆ ಅವನು ಅಂದು ಹೇಳಿದ್ದು ನೆನಪಿತ್ತು. ವಿಂಡೋಸಿನಲ್ಲಿ ಸಂದೇಶ ತೋರಿಸಲು ಸಿದ್ಧವಾದ ಪೆಟ್ಟಿಗೆಯೊಂದು ಇರುತ್ತದೆ, ಆದರೆ ಅದು ತನ್ನದೇ ಫಾಂಟನ್ನು ಬಳಸುತ್ತಿದ್ದುದರಿಂದ ನುಡಿಯ ಕನ್ನಡ ಅದರಲ್ಲಿ ಗೀಟಿನ ‘ಎ’ಗಳ ಸಾಲಾಗಿಬಿಡುತ್ತಿತ್ತು. ಆದ್ದರಿಂದ ಆ ಒಂದು ಸಾಲಿಗಾಗಿ ಅವನು ಬೇರೆಯೇ ಕಿಟಕಿಯನ್ನು ಕಟ್ಟಿದ್ದ. ಹದಿನೇಳು ವರ್ಷದ ಹುಡುಗ. ಮೂಲ ಸಂಕೇತ ಸಿ.ಡಿ.ಯಲ್ಲಿ ಇರಲಿಲ್ಲ, ಅದಿದ್ದ ಅವನ ಯಂತ್ರ ಏನಾಯಿತೋ ಮನೆಯವರಿಗೂ ಗೊತ್ತಿಲ್ಲ. ಉಳಿದಿರುವುದು ಓಡುವ ರೂಪವೊಂದೇ. ಅದು ಓಡಬೇಕಾದರೆ ಅದಕ್ಕೆ ಅದರ ಕಾಲದ ನೆಲ ಬೇಕು, 2001ರ ವಿಂಡೋಸ್ ಎಕ್ಸ್‌ಪಿ. ಇಷ್ಟನ್ನು ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಎಕ್ಸ್‌ಪಿನೇ ಕಂಟೈನರ್ ಒಳಗೆ ಹಾಕಿಬಿಡೋಣ ಸರ್’ ಎಂದಳು.

ಕಂಟೈನರ್ ಎಂದರೆ ನನ್ನ ಕಣ್ಣಿಗೆ ಬಂದದ್ದು ಮಂಗಳೂರಿನ ರಸ್ತೆಯಲ್ಲಿ ಲಾರಿಗಳ ಮೇಲೆ ಹೋಗುವ ಉಕ್ಕಿನ ಪೆಟ್ಟಿಗೆ. ಹೆಸರು ಬಂದದ್ದೂ ಅಲ್ಲಿಂದಲೇ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿ 58 ಪೆಟ್ಟಿಗೆಗಳನ್ನು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದ. ಪೆಟ್ಟಿಗೆಯೊಳಗೆ ಏನಿದೆಯೆಂದು ಹಡಗೂ ಕೇಳುವುದಿಲ್ಲ, ಕ್ರೇನೂ ಕೇಳುವುದಿಲ್ಲ, ಲಾರಿಯೂ ಕೇಳುವುದಿಲ್ಲ. ಅಳತೆಯೊಂದು ಸರಿಯಿದ್ದರಾಯಿತು. 2013ರಲ್ಲಿ ಸಾಲಮನ್ ಹೈಕ್ಸ್ ಮತ್ತು ಸಂಗಡಿಗರು ಹೊರತಂದ ‘ಡಾಕರ್’ ಇದನ್ನೇ ತಂತ್ರಾಂಶಕ್ಕೆ ಮಾಡಿತು. ಒಂದು ತಂತ್ರಾಂಶಕ್ಕೆ ಬೇಕಾದ ಸಕಲ ಪರಿಕರಗಳನ್ನೂ ಅದರ ಜೊತೆಯಲ್ಲೇ ಪೆಟ್ಟಿಗೆಗೆ ತುಂಬಿ ಕಳುಹಿಸಿದರೆ ಯಾವ ಯಂತ್ರದಲ್ಲಾದರೂ ಇಳಿಸಿ ಓಡಿಸಬಹುದು. ಅದರ ಲಾಂಛನ, ಬೆನ್ನ ಮೇಲೆ ಪೆಟ್ಟಿಗೆಗಳನ್ನು ಹೊತ್ತ ತಿಮಿಂಗಿಲ.

ನನಗೆ ಮಾತ್ರ ಹಡಗಿಗಿಂತ ಛತ್ರವೇ ಸುಲಭವಾಗಿ ಅರ್ಥವಾಗುತ್ತದೆ. ದೊಡ್ಡ ಛತ್ರದಲ್ಲಿ ಹತ್ತಾರು ಕೋಣೆಗಳಿರುತ್ತವೆ. ಒಂದು ಕೋಣೆಯವರಿಗೆ ಇನ್ನೊಂದು ಕೋಣೆಯವರು ಕಾಣಿಸುವುದಿಲ್ಲ. ಯಾರಿಗೆ ಎಷ್ಟು ಜಾಗ, ಎಷ್ಟು ನೀರು ಎಂಬ ಲೆಕ್ಕವನ್ನು ಛತ್ರದ ಮೇಲ್ವಿಚಾರಕ ಇಟ್ಟಿರುತ್ತಾನೆ. ಆದರೆ ಅಡುಗೆಮನೆ ಎಲ್ಲರಿಗೂ ಒಂದೇ. ಕಂಟೈನರುಗಳೂ ಹಾಗೆಯೇ. ಗೋಡೆಗಳು ಲಿನಕ್ಸಿನ ‘ನೇಮ್‌ಸ್ಪೇಸ್’ಗಳು. ಪಡಿ ಅಳೆಯುವ ಕೆಲಸ ‘ಸಿಗ್ರೂಪ್’ಗಳದು, 2006ರಲ್ಲಿ ಗೂಗಲ್‌ನ ಎಂಜಿನಿಯರುಗಳು ಆರಂಭಿಸಿ 2008ರ ಜನವರಿಯಲ್ಲಿ ಲಿನಕ್ಸಿಗೆ ಸೇರಿದ ವ್ಯವಸ್ಥೆ. ಅಡುಗೆಮನೆ ಎಂದರೆ ಕರ್ನಲ್, ಆಪರೇಟಿಂಗ್ ಸಿಸ್ಟಮಿನ ತಿರುಳು. ಪ್ರತಿಯೊಂದು ಕೋಣೆಗೂ ಬೇರೆ ಅಡುಗೆಮನೆ ಕಟ್ಟುವ ಖರ್ಚಿಲ್ಲವಾದ್ದರಿಂದಲೇ ಕಂಟೈನರುಗಳು ಕ್ಷಣಮಾತ್ರದಲ್ಲಿ ಎದ್ದು ನಿಲ್ಲುತ್ತವೆ.

ಇಲ್ಲಿಯವರೆಗೆ ಅರ್ಥವಾದ ಮೇಲೆ ನನಗೊಂದು ಸಂಶಯ ಬಂತು. ಅಡುಗೆಮನೆ ಲಿನಕ್ಸಿನದು. ವಿಂಡೋಸು ಲಿನಕ್ಸಿನ ಕೈಯ ಅಡುಗೆ ಉಣ್ಣುವುದಿಲ್ಲ. ಹಾಗಿದ್ದ ಮೇಲೆ ಅದು ಆ ಕೋಣೆಯಲ್ಲಿ ಇರುವುದು ಹೇಗೆ?

ಬಂಧುಗಳಿಗೆ ನಮ್ಮ ದೊಡ್ಡಪ್ಪನ ನೆನಪಿರಬೇಕು. ಯಾವ ಊರಿಗೆ ಹೋದರೂ ಯಾವ ಛತ್ರದಲ್ಲಿ ಇಳಿದರೂ ಅವರದು ಸ್ವಯಂಪಾಕ. ಕೈಯಲ್ಲೊಂದು ಹಿತ್ತಾಳೆಯ ತಪ್ಪಲೆ, ಸೀಮೆಎಣ್ಣೆಯ ಸ್ಟವ್, ಅಕ್ಕಿ ಬೇಳೆಯ ಗಂಟು. ಛತ್ರದವರಿಂದ ಅವರಿಗೆ ಬೇಕಾಗಿದ್ದುದು ನಾಲ್ಕು ಗೋಡೆ ಮತ್ತು ಬಾವಿಯ ನೀರು ಮಾತ್ರ. ಕಂಟೈನರಿನೊಳಗಿನ ವಿಂಡೋಸ್ ಥೇಟ್ ನಮ್ಮ ದೊಡ್ಡಪ್ಪ. ಪೆಟ್ಟಿಗೆಯೊಳಗೆ ಮೊದಲು ‘ಕ್ಯೂಎಮು’ ಎಂಬ ತಂತ್ರಾಂಶ ಕುಳಿತುಕೊಳ್ಳುತ್ತದೆ. ಫ್ಯಾಬ್ರಿಸ್ ಬೆಲಾರ್ ಎಂಬ ಫ್ರೆಂಚ್ ತಂತ್ರಜ್ಞ 2003ರಲ್ಲಿ ಹೊರತಂದದ್ದು. ಅದು ಇಡೀ ಗಣಕಯಂತ್ರದ ಸೋಗು ಹಾಕುತ್ತದೆ: ನಾನೇ ಡಿಸ್ಕು, ನಾನೇ ಪರದೆ, ನಾನೇ ಕೀಲಿಮಣೆ. ಆ ಸೋಗನ್ನು ನಿಜವೆಂದು ನಂಬಿ ವಿಂಡೋಸ್ ತನ್ನದೇ ತಿರುಳಿನೊಡನೆ ಒಳಗೆ ಒಲೆ ಹೂಡುತ್ತದೆ. ಬಾವಿಯ ನೀರು ಎಂದರೆ ‘ಕೆವಿಎಂ’. 2007ರ ಫೆಬ್ರವರಿಯಲ್ಲಿ ಲಿನಕ್ಸಿನೊಳಕ್ಕೆ ಬಂದ ಇದರ ಮೂಲಕ ಒಳಗಿನ ಅತಿಥಿ ನಿಜವಾದ ಸಂಸ್ಕಾರಕವನ್ನು ನೇರವಾಗಿ ಬಳಸಿಕೊಳ್ಳುತ್ತಾನೆ. ಅದಿಲ್ಲದಿದ್ದರೆ ಎಲ್ಲವೂ ಆಮೆಯ ನಡಿಗೆ.

ಬಲ್ಲವರು ‘ಇದು ನಿಜವಾದ ಕಂಟೈನರ್ ಅಲ್ಲ, ಕಂಟೈನರಿನೊಳಗೆ ಬಚ್ಚಿಟ್ಟ ವರ್ಚುವಲ್ ಮೆಷಿನ್’ ಎನ್ನುತ್ತಾರೆ. ಅವರ ಮಾತು ಸರಿ. ಹಾಗಾದರೆ ಪೆಟ್ಟಿಗೆ ಏಕೆ ಎಂದು ನಾನೂ ಕೇಳಿದೆ. ಶಿಷ್ಯೆ ಹೇಳಿದ್ದು: ಕ್ಯೂಎಮುವನ್ನು ನೇರವಾಗಿ ಸಿದ್ಧಪಡಿಸುವುದು ಉದ್ದನೆಯ ಕೆಲಸ. ಅದನ್ನೆಲ್ಲ ಯಾರೋ ಪುಣ್ಯಾತ್ಮರು ಒಮ್ಮೆ ಮಾಡಿ ಪೆಟ್ಟಿಗೆ ಕಟ್ಟಿ ಉಚಿತವಾಗಿ ಇಟ್ಟಿದ್ದಾರೆ. ನಾವು ಬರೆಯಬೇಕಾದ್ದು ಸುಮಾರು ಇಪ್ಪತ್ತು ಸಾಲಿನ ಒಂದು ಚೀಟಿ ಮಾತ್ರ. ಯಾವ ವಿಂಡೋಸ್, ಎಷ್ಟು ನೆನಪು, ಎಷ್ಟು ಡಿಸ್ಕು, ಕಡತಗಳು ಎಲ್ಲಿರಬೇಕು. ನಾಳೆ ಈ ಲ್ಯಾಪ್‌ಟಾಪೂ ಕೆಟ್ಟರೆ ಆ ಚೀಟಿಯನ್ನೂ ಡಿಸ್ಕಿನ ಕಡತವನ್ನೂ ಇನ್ನೊಂದು ಯಂತ್ರಕ್ಕೆ ಒಯ್ದರಾಯಿತು.

ಇನ್ನು ಪ್ರಯೋಗಕ್ಕೆ ಬರೋಣ. ಈಗಿನ ಲ್ಯಾಪ್‌ಟಾಪಿಗೆ ಸಿ.ಡಿ. ಬಾಯಿಯೇ ಇಲ್ಲ. ಹೊರಗಿನಿಂದ ಜೋಡಿಸುವ ಓದುಗವನ್ನು ತಂದು, ಹುಡುಗನ ಸಿ.ಡಿ.ಯನ್ನೂ ನಾನು ಹಿಂದೆ ಹಣ ಕೊಟ್ಟು ಕೊಂಡಿದ್ದ ಎಕ್ಸ್‌ಪಿ ಡಿಸ್ಕನ್ನೂ ನಕಲು ಮಾಡಿಕೊಂಡೆವು. ಡಿಸ್ಕಿನ ಲಕೋಟೆಯ ಮೇಲೆ ಇಪ್ಪತ್ತೈದು ಅಕ್ಷರಗಳ ಕೀಲಿ ಇನ್ನೂ ಅಳಿಸಿರಲಿಲ್ಲ. ಮೊದಲ ಪ್ರಯತ್ನದಲ್ಲಿ ಕೆವಿಎಂ ಇಲ್ಲವೆಂಬ ದೂರು ಬಂತು. ಸಂಸ್ಕಾರಕದ ಆ ಸೌಲಭ್ಯವನ್ನು ಯಂತ್ರ ಏಳುವ ಮೊದಲಿನ ನೀಲಿ ಪುಟದಲ್ಲಿ ಆರಿಸಿಟ್ಟಿದ್ದರು. ಬೆಂಗಳೂರಿನಿಂದ ಫೋನಿನಲ್ಲಿ ಅವಳು ಹೇಳುತ್ತ ಹೋದಳು, ನಾನು ಒತ್ತುತ್ತ ಹೋದೆ. ‘ಸರ್, ನೀವು ನಮಗೆ ಸಂಧಿ ಬಿಡಿಸೋಕೆ ಹೇಳಿಕೊಡ್ತಿದ್ರಲ್ಲ, ಈಗ ನನ್ನ ಸರದಿ’ ಎಂದು ನಕ್ಕಳು. ಲೋಪಸಂಧಿಗೂ ಆದೇಶಸಂಧಿಗೂ ವ್ಯತ್ಯಾಸ ಗೊತ್ತಿಲ್ಲದೆ ಅವಳು ಎಷ್ಟು ಸಲ ಬೆಂಚಿನ ಮೇಲೆ ನಿಂತಿದ್ದಳೆಂಬುದನ್ನು ನಾನು ನೆನಪಿಸಲಿಲ್ಲ.

ಒಂದು ಸಂಜೆ ಅದು ಎದ್ದಿತು. ವಿಚಿತ್ರವೆಂದರೆ ಆ ವಿಂಡೋಸ್ ಕಾಣಿಸುವುದು ಬ್ರೌಸರಿನ ಪುಟದಲ್ಲಿ. ಒಂದು ಪುಟದಲ್ಲಿ ದಿನಪತ್ರಿಕೆ, ಪಕ್ಕದ ಪುಟದಲ್ಲಿ 2001ನೆಯ ಇಸವಿ. ನೀಲಿ ಪರದೆ, ಬಿಳಿಯ ಅಕ್ಷರ, ಎಫ್8 ಒತ್ತಿ ಒಪ್ಪಿಗೆ ಕೊಡುವುದು, ಆಮೇಲೆ ‘ಇನ್ನು 39 ನಿಮಿಷ’ ಎಂಬ ಆ ಹಳೆಯ ಆಶ್ವಾಸನೆ. ನಮ್ಮ ಶಾಲೆಯಲ್ಲಿ ಆ 39 ನಿಮಿಷ ಎರಡು ಪೀರಿಯಡ್ ನುಂಗುತ್ತಿತ್ತು. ಈಗ ಕಾಫಿ ಆರುವುದರೊಳಗೆ ಮುಗಿಯಿತು. ಹಸಿರು ಗುಡ್ಡ, ನೀಲಿ ಆಕಾಶ ಬಂತು. ಆ ಗುಡ್ಡ ಕುದುರೆಮುಖದ ಕಡೆಯದೆಂದು ಹುಡುಗರು ವಾದಿಸುತ್ತಿದ್ದರು. ಚಾರ್ಲ್ಸ್ ಒ’ರಿಯರ್ ಎಂಬವರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ತೆಗೆದ ಚಿತ್ರ ಅದು. 2003ರ ನನ್ನ ಯಂತ್ರಕ್ಕೆ 128 ಎಂ.ಬಿ. ನೆನಪಿತ್ತು. ಈ ಅತಿಥಿಗೆ ಒಂದು ಜಿ.ಬಿ. ಕೊಟ್ಟೆವು, ಅಷ್ಟರಲ್ಲೇ ಅವನಿಗೆ ಅರಮನೆಯ ಸುಖ. 2014ರ ಏಪ್ರಿಲ್ 8ರ ನಂತರ ಎಕ್ಸ್‌ಪಿಗೆ ರಕ್ಷಣೆಯ ತೇಪೆಗಳು ನಿಂತಿರುವುದರಿಂದ, ಬೇಕಾದ ಕಡತಗಳು ಒಳಗೆ ಹೋದ ಮೇಲೆ ಅಂತರಜಾಲದ ಬಾಗಿಲನ್ನು ಮುಚ್ಚಿದೆವು.

ನುಡಿ ಫಾಂಟುಗಳನ್ನು ಹಾಕಿದೆ. ಪದಕೋಶವನ್ನು ಒತ್ತಿದೆ. ಯಾವುದೋ ಘಟಕ ಕಾಣೆಯಾಗಿದೆ ಎಂದು ಗೊಣಗಿತು. ಹುಡುಗ ಅದನ್ನೂ ಸಿ.ಡಿ.ಯ ಇನ್ನೊಂದು ಕೋಶದಲ್ಲಿ ಮುಂದಾಲೋಚನೆಯಿಂದ ಇಟ್ಟಿದ್ದ. ಎರಡನೆಯ ಸಲ ತೆರೆದುಕೊಂಡಿತು. ಹುಡುಕುವ ಜಾಗದಲ್ಲಿ ಸುಮ್ಮನೆ ನನ್ನ ಹೆಸರನ್ನೇ ಬರೆದು ಒತ್ತಿದೆ. ಪುಟ್ಟ ಕಿಟಕಿ ಬಂತು. ಅಜ್ಜಿಯನ್ನು ಕೇಳಿಕೊಂಡು ಬನ್ನಿ. ನಾನು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಮರುದಿನ ಅವನ ತಾಯಿಗೆ ಫೋನ್ ಮಾಡಿದೆ. ಎಪ್ಪತ್ತರ ಹತ್ತಿರದವರು. ಮಗನ ಕೆಲಸ ಮತ್ತೆ ಓಡುತ್ತಿದೆ ಎಂದಾಗ ಮೊದಲು ಮಾತಾಡಲಿಲ್ಲ. ಆಮೇಲೆ, ‘ಅದ್ರಲ್ಲಿ ನೆಲುವು ಇದ್ಯಾ ನೋಡಿ ಮೇಷ್ಟ್ರೇ’ ಎಂದರು. ಹುಡುಕಿದೆ. ಇರಲಿಲ್ಲ. ‘ಹಾಕಿ ಹಾಗಾದ್ರೆ. ಸಿಂಬೆ?’ ಅದೂ ಇರಲಿಲ್ಲ. ಹೀಗೆ ಮೂರು ಸಂಜೆ ಅವರು ಹೇಳುತ್ತ ಹೋದರು, ನಾನು ಫೋನನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡು ನೇರವಾಗಿ ಪದಕೋಶಕ್ಕೇ ತುಂಬುತ್ತ ಹೋದೆ. ಯೂನಿಕೋಡಿನ ಪಟ್ಟಿಗೆ ಸೇರಿಸಬಹುದಿತ್ತು. ಅವರು ‘ಅವಂದ್ರಲ್ಲೇ ಹಾಕಿ’ ಎಂದರು. ಮೂವತ್ತೊಂದು ಪದಗಳಾದವು. ಕಾಗದದ ಮೇಲೆ ಒಂದನ್ನೂ ಬರೆದುಕೊಳ್ಳಲಿಲ್ಲ. ಮಕ್ಕಳಿಗೆ ಮೂವತ್ತೈದು ವರ್ಷ ‘ಕರಡು ಪ್ರತಿ ಇಟ್ಟುಕೊಳ್ಳಿ’ ಎಂದು ಹೇಳಿದವನು ನಾನು.

ಆ ಮೂರು ದಿನವೂ ಲ್ಯಾಪ್‌ಟಾಪನ್ನು ಆರಿಸದೆ, ಮುಚ್ಚಳ ಮಾತ್ರ ಮುಚ್ಚಿ ಮಲಗಿಸುತ್ತಿದ್ದೆ. ನಾಲ್ಕನೆಯ ದಿನ ಬೆಳಗ್ಗೆ ಎಕ್ಸ್‌ಪಿಯನ್ನು ಶಾಸ್ತ್ರೋಕ್ತವಾಗಿ ಸ್ಟಾರ್ಟ್ ಗುಂಡಿ ಒತ್ತಿ ಮುಚ್ಚಿದೆ. ಸಂಜೆ ಮತ್ತೆ ಎಬ್ಬಿಸಿದರೆ ನೀಲಿ ಪರದೆ, ಬಿಳಿಯ ಅಕ್ಷರ, ಎಫ್8. ಮೊದಲಿನಿಂದ ಸ್ಥಾಪನೆ ಶುರುವಾಗಿತ್ತು. ಗುಡ್ಡವೂ ಇಲ್ಲ, ಪದಕೋಶವೂ ಇಲ್ಲ.

ಆದದ್ದು ಇಷ್ಟು. ಶಿಷ್ಯೆ ಮೊದಲ ಪರೀಕ್ಷೆಗೆಂದು ಉದ್ದವಾದ ಒಂದೇ ಆದೇಶವನ್ನು ಫೋನಿಗೆ ಕಳುಹಿಸಿದ್ದಳು. ನಾನದನ್ನು ನೋಡಿಕೊಂಡು ಕೈಯಿಂದ ಬೆರಳಚ್ಚು ಮಾಡಿದ್ದೆ. ಅದರಲ್ಲಿ ಮೂರು ಸಾಲುಗಳು ಅಡ್ಡಗೀಟು ಮತ್ತು ‘ವಿ’ ಅಕ್ಷರದಿಂದಲೇ ಆರಂಭವಾಗುತ್ತಿದ್ದವು. ಒಂದು ಎಕ್ಸ್‌ಪಿ ಡಿಸ್ಕಿನ ನಕಲನ್ನು ತೋರಿಸುವುದು, ಒಂದು ಹುಡುಗನ ಸಿ.ಡಿ.ಯ ಕಡತಗಳನ್ನು ತೋರಿಸುವುದು. ಮೂರನೆಯದು ಪುನರುಕ್ತಿ ಎಂದು ನನ್ನಲ್ಲಿದ್ದ ವ್ಯಾಕರಣದ ಮೇಷ್ಟ್ರು ತೀರ್ಮಾನಿಸಿ ಬಿಟ್ಟುಬಿಟ್ಟಿದ್ದ. ಒಳಗಿನ ಡಿಸ್ಕು ಹೊರಗಿನ ಯಂತ್ರದಲ್ಲಿ ಎಲ್ಲಿ ಉಳಿಯಬೇಕು ಎಂದು ಹೇಳುವ ಸಾಲು ಅದೇ. ಆದೇಶದಲ್ಲಿ ಇನ್ನೊಂದು ಚಿಕ್ಕ ಮಾತೂ ಇತ್ತು: ಕೆಲಸ ಮುಗಿದ ಕೂಡಲೆ ಪೆಟ್ಟಿಗೆಯನ್ನು ಅಳಿಸಿಬಿಡು. ಅದನ್ನು ಮಾತ್ರ ನಿಷ್ಠೆಯಿಂದ ಬರೆದಿದ್ದೆ. ಕಂಟೈನರಿನ ಧರ್ಮವೇ ಅದು. ಬಿಸಾಡುವುದಕ್ಕೆಂದೇ ಮಾಡಿದ ಪೆಟ್ಟಿಗೆ, ಉಳಿಯಬೇಕಾದ್ದನ್ನು ಹೊರಗೆ ಇಟ್ಟುಕೊಳ್ಳಬೇಕು. ದೊಡ್ಡಪ್ಪ ಛತ್ರ ಬಿಟ್ಟು ಹೊರಟ ಮೇಲೆ ಕೋಣೆಯನ್ನು ತೊಳೆದುಬಿಟ್ಟಿದ್ದರು, ತಪ್ಪಲೆಯ ಸಮೇತ.

ಹುಡುಗನ ಸಿ.ಡಿ.ಯ ನಕಲು ಹೊರಗೇ ಇದ್ದುದರಿಂದ ಅವನ 1,162 ಪದಗಳಿಗೆ ಏನೂ ಆಗಲಿಲ್ಲ. ಹೋದದ್ದು ಅವನ ತಾಯಿಯ ಮೂವತ್ತೊಂದು. ಶಿಷ್ಯೆ ಫೋನಿನಲ್ಲಿ ಒಂದು ಗಂಟೆ ಹುಡುಕಿಸಿದಳು, ತನ್ನದೇ ತಪ್ಪೆಂದಳು. ತಪ್ಪು ನನ್ನದೇ. ಆ ರಾತ್ರಿ ನಿದ್ದೆ ಬರಲಿಲ್ಲ.

ತಾಯಿಗೆ ಹೇಳಲು ಎರಡು ದಿನ ಧೈರ್ಯ ಸಾಲಲಿಲ್ಲ. ಕೊನೆಗೆ ಫೋನಿನಲ್ಲಿ ಹೇಳುವುದು ಸರಿಯಲ್ಲವೆಂದು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಅಷ್ಟರಲ್ಲಿ ಎಲ್ಲವನ್ನೂ ಮತ್ತೆ ಕಟ್ಟಿದ್ದೆ, ಈ ಸಲ ಆ ಇಪ್ಪತ್ತು ಸಾಲಿನ ಚೀಟಿಯಿಂದ. ಆ ಚೀಟಿ ಬರೆಯುವುದೂ ಒಂದು ಛಂದಸ್ಸೇ. ಪ್ರತಿ ಸಾಲಿನ ಹಿಂದೆ ಎಷ್ಟು ಖಾಲಿ ಜಾಗವಿದೆ ಎಂಬುದಕ್ಕೂ ಅರ್ಥವಿದೆ. ಟ್ಯಾಬ್ ಕೀಲಿ ಒತ್ತಿದರೆ ಒಪ್ಪುವುದಿಲ್ಲ, ಸ್ಪೇಸ್ ಕೀಲಿಯಿಂದಲೇ ಎಣಿಸಿ ಬಿಡಬೇಕು. ಭಾಮಿನಿಯ ಮಾತ್ರೆ ಎಣಿಸಿದವನಿಗೆ ಅದೇನೂ ಕಷ್ಟವಾಗಲಿಲ್ಲ. ಮೂರು ಸಾಲುಗಳೂ ಇವೆಯೇ ಎಂದು ಮೂರು ಸಲ ನೋಡಿದೆ. ಒಂದು ಸುಳ್ಳು ಪದ ಸೇರಿಸಿ, ಮುಚ್ಚಿ, ಪೆಟ್ಟಿಗೆಯನ್ನು ನಾನಾಗಿಯೇ ಅಳಿಸಿ, ಮತ್ತೆ ಎಬ್ಬಿಸಿ, ಆ ಪದ ಉಳಿದಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಮನೆ ಬಿಟ್ಟದ್ದು. ಎದೆ ಹೊಡೆದುಕೊಳ್ಳುತ್ತಿತ್ತು, ಅದು ಬೇರೆ ಮಾತು.

ಜಗುಲಿಯಲ್ಲಿ ಕುಳಿತು ವಿಷಯ ತಿಳಿಸಿದೆ. ಅವರು ಬೆಲ್ಲ ನೀರು ತಂದಿಟ್ಟು, ‘ಹೋದ್ರೆ ಹೋಗ್ಲಿ ಮೇಷ್ಟ್ರೇ, ನನ್ನ ಬಾಯಿ ಇನ್ನೂ ಇದ್ಯಲ್ಲ’ ಎಂದರು. ಲ್ಯಾಪ್‌ಟಾಪನ್ನು ತೆರೆದು ಅವರ ಎದುರಿಗಿಟ್ಟೆ. ಅವರು ಅದನ್ನು ಈವರೆಗೆ ಕಂಡಿರಲಿಲ್ಲ. ಮಗ ಮಾಡಿದ್ದೆಂದು ಗೊತ್ತಿತ್ತಷ್ಟೆ. ಪರದೆಯ ಕೆಳಗೆ ಅವನ ಹೆಸರೂ ‘ಮತ್ತು ಗೆಳೆಯರು’ ಎಂಬ ಮಾತೂ ಇದೆ. ಓದಿದರು. ಪರದೆಯನ್ನು ಮುಟ್ಟಬಹುದೇ ಎಂದು ಕೇಳಿ, ಹೆಸರಿನ ಮೇಲೆ ಬೆರಳಿಟ್ಟರು. ನಾನು ಅಂಗಳದ ಕಡೆ ನೋಡುತ್ತ ಕುಳಿತೆ.

ಆಮೇಲೆ ಪದಗಳನ್ನು ಮೊದಲಿನಿಂದ ಆರಂಭಿಸಿದೆವು. ಪ್ರತಿ ಪದಕ್ಕೂ ಮೊದಲು ಹುಡುಕುವುದು, ಕಿಟಕಿ ಬರುವುದು, ಅವರು ಅದನ್ನು ಗಟ್ಟಿಯಾಗಿ ಓದಿ ‘ಅಜ್ಜಿ ಅಂದ್ರೆ ನಮ್ಮತ್ತೆ. ಅವರೂ ಹೋದ್ರಲ್ಲೋ, ಈಗ ನನ್ನೇ ಕೇಳು’ ಎಂದು ಪರದೆಗೇ ಹೇಳುವುದು. ಸಂಜೆಯ ಬಸ್ಸಿನ ಹೊತ್ತಿಗೆ ಇಪ್ಪತ್ತೇಳು ಸಿಕ್ಕವು. ನಾಲ್ಕು ಎಷ್ಟು ಯೋಚಿಸಿದರೂ ಬರಲಿಲ್ಲ. ನನಗೂ ಬರಲಿಲ್ಲ. ಮೂರು ಸಂಜೆ ಕಿವಿಯಲ್ಲಿ ಕೇಳಿ ಕೈಯಿಂದ ಬರೆದವನಿಗೆ ಒಂದೂ ನೆನಪಿಲ್ಲ. ಇಪ್ಪತ್ತೇಳನ್ನು ಈ ಸಲ ನೋಟುಪುಸ್ತಕದಲ್ಲೂ ಬರೆದುಕೊಂಡೆ.

ಏಳುವ ಮೊದಲು ಡಾಕರಿಗೆ ನಿಲ್ಲಿಸುವ ಆದೇಶ ಕೊಟ್ಟೆ. ವಾಡಿಕೆಯಂತೆ ಅದು ಒಳಗಿನವರಿಗೆ ಹತ್ತು ಸೆಕೆಂಡು ಸಮಯ ಕೊಟ್ಟು, ಆಮೇಲೆ ಕತ್ತು ಹಿಡಿದು ಹೊರಗೆ ಹಾಕುತ್ತದೆ. ವಿಂಡೋಸಿನಂಥ ಅತಿಥಿಗೆ ಗಂಟುಮೂಟೆ ಕಟ್ಟಲು ಅಷ್ಟು ಸಾಲದು. ಆದ್ದರಿಂದ ನಮ್ಮ ಚೀಟಿಯಲ್ಲಿ ಎರಡು ನಿಮಿಷ ಎಂದು ಬರೆದಿದೆ. ‘ಯಾಕೆ ಕಾಯ್ತಿದೀರಿ?’ ಎಂದು ಕೇಳಿದರು. ‘ಒಳಗಿನದು ಬಾಗಿಲು ಹಾಕ್ಕೊಳ್ತಾ ಇದೆ ಅಮ್ಮಾ’ ಎಂದೆ. ಇಬ್ಬರೂ ಪರದೆ ಕಪ್ಪಾಗುವವರೆಗೆ ಕುಳಿತಿದ್ದೆವು.

ಮೊನ್ನೆ ಶನಿವಾರ ಬೆಳಗ್ಗೆ ಏಳಕ್ಕೇ ಅವರ ಫೋನ್ ಬಂತು. ‘ಮೇಷ್ಟ್ರೇ, ಒಂದು ನೆನಪಾಯ್ತು. ಅನ್ನ ಬಸಿಯುವಾಗ ಇಟ್ಟುಕೊಳ್ಳೋ ಬಿದಿರಿಂದು. ಸಿಬ್ಬಲು.’ ಫೋನಿಡಬೇಡಿ ಎಂದು ಹೇಳಿ, ಲ್ಯಾಪ್‌ಟಾಪ್ ತೆರೆದು ಎಕ್ಸ್‌ಪಿಯನ್ನು ಎಬ್ಬಿಸಿದೆ. ಹಸಿರು ಗುಡ್ಡ ಬರುವವರೆಗೂ ಅವರು ಅತ್ತ ಹಿಡಿದುಕೊಂಡೇ ಇದ್ದರು.

ಇನ್ನು ಮೂರು ಉಳಿದಿವೆ.